ಕೊರಗುತ್ತಾ ಕೂರುವುದು ಬಿಟ್ಟು ಕೆಲಸಕ್ಕೆ ಕೈ ಹಾಕುವುದು ಹೇಗೆ? ಕೊಡಗಿನವರಿಗೊಂದು ಸಮಗ್ರ ಮಾರ್ಗದರ್ಶಿ

ಮಾಡಬೇಕಾದ್ದು ಮಾಡಿಲ್ಲ ಅನ್ನುವ ಕೊರಗು ಇದ್ದರೆ ಮನುಷ್ಯ ಎದ್ದು ಕೆಲಸ ಮಾಡುತ್ತಾನೆ ಅಂತ ನಾವೆಲ್ಲ ನಂಬಿದ್ದೇವೆ. ಮಕ್ಕಳನ್ನು ಬೆಳೆಸುವುದೂ ಹಾಗೇ. "ನಾಚಿಕೆ ಆಗಲ್ವಾ ನಿಂಗೆ" ಅಂದರೆ ಹುಡುಗ ಪುಸ್ತಕ ಹಿಡಿಯುತ್ತಾನೆ, ನಿಜ. ಆದರೆ ನಾಲ್ಕು ದಿನ ಹೀಗೇ ಅನ್ನಿಸಿಕೊಂಡ ಮೇಲೆ ಪುಸ್ತಕ ಕಂಡ ಕೂಡಲೇ ಅವನಿಗೆ ಆ ಮಾತೇ ನೆನಪಾಗುತ್ತದೆ, ಅದಕ್ಕೇ ಪುಸ್ತಕ ಕಣ್ಣಿಗೆ ಬೀಳದ ಕಡೆ ಹೋಗಿ ಕೂರುತ್ತಾನೆ. ದೊಡ್ಡವರಾದ ನಾವು ಮಾಡುವುದೂ ಇದನ್ನೇ. ಬ್ಯಾಂಕಿನಿಂದ ಬಂದ ಲಕೋಟೆ ಒಡೆಯುವುದಿಲ್ಲ. ಶುಗರ್ ಟೆಸ್ಟ್ ಮಾಡಿಸುವುದಿಲ್ಲ, ಜಾಸ್ತಿ ಬಂದಿರುತ್ತದೆ ಅಂತ ಒಳಗೊಳಗೇ ಗೊತ್ತು. ಅಮ್ಮನಿಗೆ ಫೋನ್ ಮಾಡಿ ತಿಂಗಳಾಯ್ತು, ಈಗ ಮಾಡಿದರೆ ಏನಂತಾರೋ ಅಂತ ಇನ್ನೊಂದು ವಾರ ತಳ್ಳುತ್ತೇವೆ.

ಕೊರಗಿನಿಂದ ಆಗುವ ಉಪಯೋಗ ಒಂದೇ, ಏನೋ ಬಾಕಿ ಇದೆ ಅಂತ ತಿಳಿಸುವುದು. ಆಗಸ್ಟ್‌ನಲ್ಲಿ ರೆಡ್ ಅಲರ್ಟ್ ಬಂದರೆ ಒಮ್ಮೆ ಕೇಳಿಸಿಕೊಂಡು, ಮಾಡಬೇಕಾದ ಏರ್ಪಾಡು ಮಾಡುತ್ತೇವೆ, ಅಲ್ವಾ? ಅದೇ ಸುದ್ದಿಯನ್ನು ಇಡೀ ದಿನ ಮತ್ತೆ ಮತ್ತೆ ಕೇಳುತ್ತಾ ಕೂತರೆ ಕೈಕಾಲೇ ಆಡುವುದಿಲ್ಲ. ಕೊರಗೂ ಹಾಗೆ. ಸುದ್ದಿ ತಿಳಿದ ಮೇಲೆ ಅದರ ಕೆಲಸ ಮುಗಿಯಿತು. ಅಲ್ಲಿಂದ ಮುಂದೆ ಏನು ಮಾಡಬೇಕು ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ. ಒಂದೇ ದಿನದಲ್ಲಿ ಎಲ್ಲ ಮಾಡಬೇಕಿಲ್ಲ. ಆದರೆ ಇಲ್ಲಿರುವ ಕ್ರಮದಲ್ಲೇ ಮಾಡಿ, ಯಾಕೆಂದರೆ ಮೊದಲ ಮೂರು ಹೆಜ್ಜೆ ಬಿಟ್ಟು ನೇರವಾಗಿ ಹೊಸ ಅಭ್ಯಾಸಕ್ಕೆ ಹಾರಿದವರೇ ಬೇಗ ಕೈ ಚೆಲ್ಲುವುದು.

ಮೊದಲ ಹೆಜ್ಜೆ: ಒಂದು ಸಾಲು ಬರೆಯಿರಿ

ಮನಸ್ಸಲ್ಲಿ ಕೊರೆಯುತ್ತಿರುವುದನ್ನು ಕಾಗದದ ಮೇಲೆ ಬರೆಯಿರಿ. ಮೊಬೈಲ್ ಬೇಡ, ಅಲ್ಲಿ ಬರೆಯಲು ಹೋದರೆ ಇನ್ನೇನೋ ನೋಡುತ್ತಾ ಕೂರುತ್ತೇವೆ. ಮೊದಲು ಬರುವ ಸಾಲು ಹೆಚ್ಚಾಗಿ "ನಾನು ಸೋಮಾರಿ", "ನನ್ನ ಕೈಲಿ ಏನೂ ಆಗಲ್ಲ" ಅಂತಲೇ ಇರುತ್ತದೆ. ಅದನ್ನು ಹೊಡೆದು ಹಾಕಿ. ಆ ಸಾಲಿನಲ್ಲಿ ಮಾಡುವುದಕ್ಕೆ ಏನೂ ಇಲ್ಲ.

ಜೂನ್ ಟ್ಯಾಂಗ್ನಿ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞೆ ಬಹಳ ವರ್ಷ ಇದನ್ನೇ ಅಧ್ಯಯನ ಮಾಡಿದವರು. "ನಾನು ಮಾಡಿದ್ದು ಸರಿಯಲ್ಲ" ಅನ್ನುವುದು ಒಂದು, "ನಾನೇ ಸರಿಯಿಲ್ಲ" ಅನ್ನುವುದು ಇನ್ನೊಂದು ಅಂತ ಅವರು ಬಿಡಿಸಿ ತೋರಿಸಿದರು. ಮೊದಲನೆಯದು ಇರುವವರು ತಪ್ಪು ಒಪ್ಪಿ ಸರಿಮಾಡಲು ನೋಡುತ್ತಾರೆ. ಎರಡನೆಯದು ಇರುವವರು ಅಡಗಿಕೊಳ್ಳುತ್ತಾರೆ, ಇಲ್ಲಾ ಬೇರೆಯವರ ಮೇಲೆ ಸಿಟ್ಟಾಗುತ್ತಾರೆ. ಹಾಗಾಗಿ ಸಾಲನ್ನು ಎರಡನೆಯದರಿಂದ ಮೊದಲನೆಯದಕ್ಕೆ ತರಬೇಕು.

ಸೋಮವಾರಪೇಟೆ ಕಡೆ ನನಗೆ ಗೊತ್ತಿರುವ ಒಬ್ಬರದು ಸಣ್ಣ ತೋಟ. ಲೆಕ್ಕ ನೋಡುವ ರೈಟರ್ ಇಲ್ಲ, ಆಳುಗಳ ಹಾಜರಿ, ಕೂಲಿ ಬರೆದಿಡುವ ಚೆಕ್‌ರೋಲ್ ಪುಸ್ತಕ ಅವರೇ ಬರೆಯಬೇಕು. ಮಳೆಗಾಲದಲ್ಲಿ ಒಂದು ವಾರ ಬರೆಯದೆ ಬಿಟ್ಟರು, ಆಮೇಲೆ ಇನ್ನೊಂದು ವಾರ. ಬಟವಾಡೆ ಕೊಟ್ಟ ಲೆಕ್ಕವೆಲ್ಲ ಚೀಟಿಯಲ್ಲಿ, ಚೀಟಿಗಳೆಲ್ಲ ಒಂದು ಬಿಸ್ಕತ್ ಡಬ್ಬದಲ್ಲಿ, ಪುಸ್ತಕ ಮೇಜಿನ ಡ್ರಾಯರಿನಲ್ಲಿ ಹಳೇ ಪೇಪರ್ ಕೆಳಗೆ. ತೇವಕ್ಕೆ ಅದರ ಹಾಳೆ ಒಂದಕ್ಕೊಂದು ಅಂಟಿಕೊಂಡು ಬೂಷ್ಟು ವಾಸನೆ. ಆ ಡ್ರಾಯರಿನಿಂದ ಟಾರ್ಚ್ ತೆಗೆಯಬೇಕಾದರೂ ಹೆಂಡತಿಯನ್ನು ಕರೆಯುತ್ತಿದ್ದರು. ಬರೆಯಿರಿ ಅಂದಾಗ ಅವರು ಮೊದಲು ಬರೆದದ್ದು "ನಾನು ಯಾವ ಕೆಲಸಾನೂ ನೆಟ್ಟಗೆ ಮಾಡಿದವನಲ್ಲ" ಅಂತ. ತಿದ್ದಿದ ಮೇಲೆ ಸಾಲು ಹೀಗಾಯಿತು: "ಆಗಸ್ಟ್ ಮೂರನೇ ವಾರದಿಂದ ಚೆಕ್‌ರೋಲ್ ಬರೆದಿಲ್ಲ, ಚೀಟಿ ಎಲ್ಲ ಡಬ್ಬದಲ್ಲಿದೆ." ಈ ಸಾಲಿನಲ್ಲಿ ದಿನ ಇದೆ, ವಸ್ತು ಇದೆ, ಅದು ಎಲ್ಲಿದೆ ಅಂತಲೂ ಇದೆ. ನಿಮ್ಮ ಸಾಲಿನಲ್ಲೂ ಈ ಮೂರು ಬರುವ ತನಕ ತಿದ್ದಿ.

ಎರಡನೇ ಹೆಜ್ಜೆ: ಅದು ನಿಮ್ಮ ಬಾಕಿಯೇ ಅಂತ ನೋಡಿ

ಬರೆದದ್ದರಲ್ಲಿ ಎಲ್ಲವೂ ನಿಮ್ಮ ತಪ್ಪಾಗಿರುವುದಿಲ್ಲ. ಪ್ರತಿ ಸಾಲಿನ ಮುಂದೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಇದು ನನ್ನ ಕೈಯಲ್ಲಿತ್ತಾ?

ಕೊಡಗಿನಲ್ಲಿ ಈ ಪ್ರಶ್ನೆಗೆ ತುಂಬಾ ತೂಕ ಇದೆ. ಮಳೆ ಹಿಡಿದು ಕೊಳೆರೋಗ ಬಂದು ಕಾಯಿ ಉದುರಿತು. ಕಾಲಕ್ಕೆ ಮರಗಸಿ, ಅಂದರೆ ನೆರಳು ಮರದ ಕೊಂಬೆ ಕಡಿಸುವುದು, ಮಾಡಿಸದೆ ನೆರಳು ಜಾಸ್ತಿ ಇತ್ತು ಅಂದರೆ ಅಷ್ಟು ಭಾಗ ನಿಮ್ಮದು, ಬರೆದುಕೊಳ್ಳಿ. ಮಳೆ ಮಾತ್ರ ನಿಮ್ಮದಲ್ಲ. ಕುಯ್ಲಿನ ಹೊತ್ತಿಗೆ ಕಾಫಿ ರೇಟ್ ಬಿದ್ದರೆ ಅದೂ ನಿಮ್ಮದಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮದೆನಾಡು, ಜೋಡುಪಾಲ ಕಡೆ ಗುಡ್ಡ ಕುಸಿದಾಗ ಮನೆ, ತೋಟ, ಮನೆಯವರನ್ನು ಕಳೆದುಕೊಂಡವರಿದ್ದಾರೆ. ಅಂಥ ದುರಂತದಲ್ಲಿ ಬದುಕಿ ಉಳಿದವರಿಗೆ "ನಾನು ಇನ್ನೊಂದು ಗಂಟೆ ಮೊದಲು ಎಲ್ಲರನ್ನೂ ಕರೆದುಕೊಂಡು ಹೊರಡಬೇಕಿತ್ತು" ಅನ್ನುವ ಕೊರಗು ವರ್ಷಗಟ್ಟಲೆ ಕಾಡುವುದುಂಟು. ಏನಾಗುತ್ತದೆ ಅಂತ ಈಗ ಗೊತ್ತಿರುವ ಮನಸ್ಸು, ಆವತ್ತು ಗೊತ್ತಿಲ್ಲದೆ ಕತ್ತಲಲ್ಲಿ ಓಡಿದ ಮನುಷ್ಯನ ಮೇಲೆ ತೀರ್ಪು ಕೊಡುತ್ತಿರುತ್ತದೆ. ಅದು ನ್ಯಾಯವಲ್ಲ. ಇಂಥ ಕೊರಗು ಪಟ್ಟಿ ಬರೆದು ತೀರುವಂಥದ್ದೂ ಅಲ್ಲ, ಅದಕ್ಕೆ ಕೊನೆಯ ಭಾಗದಲ್ಲಿ ಹೇಳಿರುವ ಸಹಾಯ ಬೇಕು.

ಇನ್ನು ಕೆಲವು ಸಾಲುಗಳು ಬೇರೆಯವರ ಬಾಯಿಂದ ಬಂದು ನಮ್ಮೊಳಗೆ ಕೂತವು. ಬೆಂಗಳೂರಿಗೆ ಹೋದ ಮಗನಿಗೆ ಅಪ್ಪ ಅಮ್ಮನನ್ನು ಒಂಟಿಯಾಗಿ ಬಿಟ್ಟೆ ಅನ್ನುವ ಕೊರಗು. ಊರಲ್ಲೇ ಉಳಿದವನಿಗೆ ಅಣ್ಣನ ಹಾಗೆ ಹೊರಗೆ ಹೋಗಿ ಏನೂ ಸಾಧಿಸಲಿಲ್ಲ ಅನ್ನುವ ಕೊರಗು. ಒಂದೇ ಮನೆಯ ಇಬ್ಬರು, ಹೋದವನಿಗೂ ಸಮಾಧಾನ ಇಲ್ಲ, ಉಳಿದವನಿಗೂ ಇಲ್ಲ. ಇಲ್ಲಿ ನಿಮ್ಮ ಕೈಯಲ್ಲಿರುವುದು ಏನು ಅಂತ ಹುಡುಕಿ. ವಾರಕ್ಕೆ ಎರಡು ಸಲ ಫೋನ್ ಮಾಡುವುದು ಕೈಯಲ್ಲಿದೆ. ನೆಂಟರ ಮದುವೆಯಲ್ಲಿ ಯಾರೋ ಕೊಂಕು ಆಡುವುದು ಕೈಯಲ್ಲಿಲ್ಲ.

ನಿಮ್ಮದಲ್ಲದ ಸಾಲುಗಳನ್ನು ಗೆರೆ ಹಾಕಿ ಬೇರೆ ಮಾಡಿ. ಅವು ಒಂದೇ ದಿನಕ್ಕೆ ಮಾಯವಾಗುವುದಿಲ್ಲ, ಮತ್ತೆ ಬರುತ್ತವೆ. ಬಂದಾಗ ಜಗಳಕ್ಕೆ ನಿಲ್ಲಬೇಡಿ. ಅಮೆರಿಕದ ಡೇನಿಯಲ್ ವೆಗ್ನರ್ 1987ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಬಿಳಿ ಕರಡಿಯ ಬಗ್ಗೆ ಯೋಚಿಸಬೇಡಿ ಅಂದರೆ ಅಲ್ಲಿದ್ದವರಿಗೆ ಅದೇ ಮತ್ತೆ ಮತ್ತೆ ತಲೆಗೆ ಬರುತ್ತಿತ್ತು. ಒತ್ತಿಹಿಡಿದ ಯೋಚನೆ ಇನ್ನೂ ಜೋರಾಗಿ ಏಳುತ್ತದೆ. "ಬಂತು, ನೋಡಿದೆ, ಇದು ನನ್ನ ಪಟ್ಟಿಯಲ್ಲಿಲ್ಲ" ಅಂತ ಹೇಳಿಕೊಂಡು ಕೈಯಲ್ಲಿರುವ ಕೆಲಸಕ್ಕೆ ತಿರುಗಿ.

ಮೂರನೇ ಹೆಜ್ಜೆ: ತೀರಿಸಿ, ಆಮೇಲೆ ನಿಮ್ಮನ್ನು ನೀವೇ ಕ್ಷಮಿಸಿ

ಬೇರೆಯವರಿಗೆ ನೋವಾಗಿದ್ದರೆ ಮೊದಲು ಅದನ್ನು ಸರಿಮಾಡಿ. ದುಡ್ಡು ಕೊಡಬೇಕಿದ್ದರೆ ಪೂರ್ತಿ ಆಗದಿದ್ದರೂ ಒಂದು ಕಂತು ಕೊಟ್ಟು, ಉಳಿದದ್ದು ಯಾವಾಗ ಅಂತ ಹೇಳಿ. ಮಾತು ಬಿಟ್ಟಿದ್ದರೆ ಫೋನ್ ಮಾಡಿ. ಫೋನಿನಲ್ಲಿ ಕಾರಣಗಳ ಪುರಾಣ ಬೇಡ, "ಅಕ್ಕ, ಇಷ್ಟು ದಿನ ಮಾತಾಡದೆ ಇದ್ದದ್ದು ನನ್ನದೇ ತಪ್ಪು, ಹೇಗಿದ್ದೀರ?" ಅಂದರೆ ಸಾಕು. ಆ ಕಡೆಯಿಂದ ಎರಡು ಬೈಗುಳ ಬಂದರೆ ಕೇಳಿಸಿಕೊಳ್ಳಿ. ಫೋನ್ ಮಾಡುವ ಮೊದಲಿನ ಹತ್ತು ನಿಮಿಷವೇ ಹೆಚ್ಚಾಗಿ ಕಷ್ಟ, ಮಾತು ಶುರುವಾದ ಮೇಲೆ ಅಷ್ಟು ಕಷ್ಟ ಆಗುವುದಿಲ್ಲ.

ನಿಮಗೆ ನೀವೇ ಮಾಡಿಕೊಂಡ ನಷ್ಟ ಆಗಿದ್ದರೆ, ಅಂದರೆ ಓದದೆ ಇದ್ದದ್ದು, ವಾಕಿಂಗ್ ಬಿಟ್ಟದ್ದು, ಲೆಕ್ಕ ಬರೆಯದ್ದು, ಅಲ್ಲಿ ಕ್ಷಮಿಸಬೇಕಾದವರು ನೀವೇ. ಇದನ್ನು ಕೇಳಿದ ಕೂಡಲೇ ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. ಹೀಗೆ ಸಡಿಲ ಬಿಟ್ಟರೆ ಇನ್ನೂ ಹಾಳಾಗುತ್ತಾರೆ ಅನ್ನುವುದು ಅವರ ಭಯ. ಆದರೆ ಅಧ್ಯಯನ ಹೇಳುವುದು ಇದಕ್ಕೆ ತದ್ವಿರುದ್ಧ. ಕೆನಡಾದ ಕಾರ್ಲ್‌ಟನ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ವೋಲ್ ಮತ್ತು ಸಂಗಡಿಗರು ಮೊದಲ ವರ್ಷದ 119 ವಿದ್ಯಾರ್ಥಿಗಳನ್ನು ಗಮನಿಸಿ 2010ರಲ್ಲಿ ಬರೆದರು. ಮೊದಲ ಪರೀಕ್ಷೆಗೆ ಓದುವುದನ್ನು ಮುಂದೂಡಿದವರಲ್ಲಿ, ಅದಕ್ಕಾಗಿ ತಮ್ಮನ್ನು ತಾವು ಕ್ಷಮಿಸಿಕೊಂಡವರು ಮುಂದಿನ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಬೈದುಕೊಂಡೇ ಇದ್ದವರಿಗೆ ಪುಸ್ತಕ ತೆರೆಯುವುದೇ ನೋವಿನ ಕೆಲಸ ಆಗಿತ್ತು. ಕ್ಷಮಿಸಿಕೊಂಡವರಿಗೆ ಅದು ಮತ್ತೆ ಬರೀ ಪುಸ್ತಕ ಆಯಿತು.

ಕ್ಷಮಿಸಿಕೊಳ್ಳುವುದು ಅಂದರೆ ತಪ್ಪೇ ಆಗಿಲ್ಲ ಅನ್ನುವುದಲ್ಲ. ಬರೆದ ಸಾಲಿನ ಕೆಳಗೆ ಮೂರು ಮಾತು ಸೇರಿಸಿ: ಆಗಿದ್ದು ಇದು. ಇದರಿಂದ ಇಷ್ಟು ನಷ್ಟ ಆಯಿತು. ಈಗ ಇದನ್ನು ಮಾಡುತ್ತೇನೆ. ಕಾಗದ ಮಡಚಿ ಇಡಿ. ನಿಮ್ಮ ಗೆಳೆಯನೇ ಬಂದು ಇದೇ ತಪ್ಪು ಹೇಳಿಕೊಂಡಿದ್ದರೆ ಯಾವ ದನಿಯಲ್ಲಿ ಮಾತಾಡುತ್ತಿದ್ದಿರೋ ಅದೇ ದನಿಯಲ್ಲಿ ಬರೆಯಿರಿ.

ನಾಲ್ಕನೇ ಹೆಜ್ಜೆ: ಮನಸ್ಸು ಬರಲಿ ಅಂತ ಕಾಯಬೇಡಿ

"ಮೂಡ್ ಇಲ್ಲ" ಅನ್ನುವುದೇ ಎಲ್ಲಕ್ಕಿಂತ ದೊಡ್ಡ ತಡೆ. ಮನಸ್ಸು ಮೊದಲು ಬರಬೇಕು, ಕೆಲಸ ಆಮೇಲೆ ಅಂತ ಅಂದುಕೊಂಡಿದ್ದೇವೆ. ಖಿನ್ನತೆ ಇರುವವರ ಜೊತೆ ಕೆಲಸ ಮಾಡಿದ ಪೀಟರ್ ಲೆವಿನ್‌ಸನ್ 1970ರ ದಶಕದಲ್ಲೇ ಇದನ್ನು ತಿರುಗಿಸಿ ಹಾಕಿದರು. ಸಣ್ಣ ಕೆಲಸಕ್ಕೆ ಕೈ ಹಾಕಿದರೆ, ಅದರಿಂದ ಸಿಗುವ ಸಣ್ಣ ಸಮಾಧಾನದಿಂದ ಮನಸ್ಸು ಹಿಂದೆಯೇ ಬರುತ್ತದೆ. ಅದರ ಮೇಲೆ ನಿಂತ ಚಿಕಿತ್ಸೆ ಇವತ್ತಿಗೂ ಬಳಕೆಯಲ್ಲಿದೆ.

ಮೊದಲ ತುಂಡು ಎಷ್ಟು ಸಣ್ಣದಿರಬೇಕು ಅಂದರೆ, ಮೈ ಹುಷಾರಿಲ್ಲದ ದಿನವೂ ಮಾಡುವಷ್ಟು. ಮೇಲೆ ಹೇಳಿದ ತೋಟದವರು ಮೊದಲ ದಿನ ಮಾಡಿದ್ದು ಪುಸ್ತಕವನ್ನು ಡ್ರಾಯರಿನಿಂದ ತೆಗೆದು ಒಲೆ ಪಕ್ಕ ಒಣಗಲು ಇಟ್ಟದ್ದು, ಅಷ್ಟೇ. ಮರುದಿನ ಹಾಳೆ ಬಿಡಿಸಿದರು. ಅದರ ಮರುದಿನ ಚೀಟಿಗಳನ್ನು ತಾರೀಖಿನ ಪ್ರಕಾರ ಜೋಡಿಸಿ ರಬ್ಬರ್ ಬ್ಯಾಂಡ್ ಹಾಕಿದರು. ಬರೆಯಲು ಕೂತಾಗ ಹಳೆಯದರಿಂದ ಶುರು ಮಾಡಲಿಲ್ಲ, ಈ ವಾರದ್ದನ್ನು ಮೊದಲು ಬರೆದರು. ಇದು ಬಹಳ ಮುಖ್ಯ. ಹಳೇ ಬಾಕಿಯಿಂದ ಶುರು ಮಾಡಿದರೆ ಹೊಸ ಬಾಕಿ ಬೆಳೆಯುತ್ತಲೇ ಇರುತ್ತದೆ, ಎಷ್ಟು ಮಾಡಿದರೂ ಮುಗಿಯಲಿಲ್ಲ ಅನ್ನಿಸುತ್ತದೆ. ಇವತ್ತಿನದು ಇವತ್ತೇ ಮುಗಿಸಿ, ಹಳೆಯದನ್ನು ದಿನಕ್ಕೊಂದು ವಾರದಷ್ಟು ತೀರಿಸುತ್ತಾ ಹೋಗಿ.

ಐದನೇ ಹೆಜ್ಜೆ: ಯಾವುದರ ಬೆನ್ನಿಗೆ ಅಂತ ಗೊತ್ತುಮಾಡಿ

"ದಿನಾ ವಾಕಿಂಗ್ ಹೋಗುತ್ತೇನೆ" ಅನ್ನುವ ತೀರ್ಮಾನಕ್ಕೆ ಬಲ ಇಲ್ಲ. ಜರ್ಮನಿಯ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ತೋರಿಸಿಕೊಟ್ಟ ಹಾಗೆ, "ಹೀಗಾದಾಗ ಹೀಗೆ ಮಾಡುತ್ತೇನೆ" ಅಂತ ಮೊದಲೇ ಗೊತ್ತುಮಾಡಿಕೊಂಡವರು ಕೆಲಸ ಮುಗಿಸುವುದು ಜಾಸ್ತಿ. ಆ ಹೊತ್ತಿಗೆ ಯೋಚನೆ ಮಾಡುವ ಅಗತ್ಯವೇ ಬೀಳುವುದಿಲ್ಲ, ಅದಕ್ಕೆ.

ನಿಮ್ಮ ದಿನದಲ್ಲಿ ಏನೇ ಆದರೂ ತಪ್ಪದ ಕೆಲಸ ಯಾವುದು ಅಂತ ನೋಡಿ. ಬೆಳಗಿನ ಕಾಫಿ ತಪ್ಪುವುದಿಲ್ಲ. ನಾಯಿಗೆ ಅನ್ನ ಹಾಕುವುದು ತಪ್ಪುವುದಿಲ್ಲ. ಸಂಜೆ ದೀಪ ಹಚ್ಚುವುದು ತಪ್ಪುವುದಿಲ್ಲ. ಅವುಗಳ ಬೆನ್ನಿಗೆ ಹೊಸದನ್ನು ಕಟ್ಟಿ. "ಕಾಫಿ ಲೋಟ ಕೆಳಗಿಟ್ಟ ಕೂಡಲೇ ಬಿಪಿ ಮಾತ್ರೆ." "ದೀಪ ಹಚ್ಚಿ ಬಂದ ಕೂಡಲೇ ಅವತ್ತಿನ ಖರ್ಚು ಬರೆಯುವುದು." "ಶುಕ್ರವಾರ ಮಡಿಕೇರಿ ಸಂತೆಯಿಂದ ಬಂದು ಚೀಲ ಇಳಿಸಿದ ಮೇಲೆ ಅಮ್ಮನಿಗೆ ಫೋನ್." ಗಡಿಯಾರಕ್ಕೆ ಕಟ್ಟಿದರೆ ಕೊಡಗಿನಲ್ಲಿ ನಿಲ್ಲುವುದು ಕಷ್ಟ, ಮಳೆಗಾಲದಲ್ಲಿ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ, ಮೊಬೈಲ್ ಸತ್ತಿದ್ದರೆ ಅಲಾರಂ ಎಲ್ಲಿಂದ ಹೊಡೆಯಬೇಕು?

ಒಂದು ಸಲಕ್ಕೆ ಒಂದೇ ಅಭ್ಯಾಸ. ಎರಡು ಬೇಡ.

ಆರನೇ ಹೆಜ್ಜೆ: ಮಳೆಗಾಲಕ್ಕೊಂದು, ಕುಯ್ಲಿಗೊಂದು

ಹೊರಗಿನವರು ಕೊಡುವ ಸಲಹೆಗಳು ನಮ್ಮಲ್ಲಿ ಸೋಲುವುದು ಇಲ್ಲೇ. ವರ್ಷವಿಡೀ ಒಂದೇ ಥರ ನಡೆಯುವ ದಿನಚರಿ ಅಂದುಕೊಂಡು ಅವರು ಹೇಳುತ್ತಾರೆ. ನಮ್ಮ ವರ್ಷ ಹಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ. ನವೆಂಬರ್‌ನಿಂದ ಅರೇಬಿಕಾ, ಅದರ ಬೆನ್ನಿಗೆ ರೋಬಸ್ಟಾ, ಫೆಬ್ರವರಿ ಮುಗಿಯುವ ತನಕ ಕುಯ್ಲು, ಕಣ, ಆಳುಗಳ ಲೆಕ್ಕ. ಅದು ಮುಗಿಯುವಷ್ಟರಲ್ಲಿ ಕಾಫಿ ಹೂ ಅರಳಿಸುವ ಹೂಮಳೆಗೆ ಕಾಯುವುದು, ಬಾರದಿದ್ದರೆ ಸ್ಪ್ರಿಂಕ್ಲರ್ ಎಳೆಯುವುದು. ಜನವರಿ ಒಂದನೇ ತಾರೀಖು ಹೊಸ ಅಭ್ಯಾಸ ಶುರು ಮಾಡುವುದು ಕುಯ್ಲಿನ ನಡುವೆ ಇರುವ ಬೆಳೆಗಾರನಿಗೆ ಸುಮ್ನೆ ಹೊರೆ. ಅದು ಒಂದು ವಾರಕ್ಕೆ ನಿಲ್ಲುತ್ತದೆ, ಆಮೇಲೆ ಅದರದ್ದೇ ಇನ್ನೊಂದು ಕೊರಗು.

ಹಾಗಾಗಿ ಒಂದೇ ಅಭ್ಯಾಸಕ್ಕೆ ಎರಡು ರೂಪ ಮಾಡಿ ಇಟ್ಟುಕೊಳ್ಳಿ. ನಡೆಯುವುದೇ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ತೋಟದ ಗೇಟಿನ ತನಕ ಹೋಗಿ ಬರುವುದು, ಮಡಿಕೇರಿ ಪೇಟೆಯವರಾದರೆ ರಾಜಾಸೀಟ್ ತನಕ. ಮಳೆಗಾಲದಲ್ಲಿ ಜಗುಲಿಯಲ್ಲೇ ಆಚೆಯಿಂದ ಈಚೆಗೆ, ರೇಡಿಯೋದಲ್ಲಿ ವಾರ್ತೆ ಮುಗಿಯುವ ತನಕ. ಜಿಗಣೆ, ಜಾರುವ ದಾರಿ, ಒದ್ದೆ ಕೊಡೆ ಯಾವುದೂ ಇಲ್ಲ. ಇದನ್ನು "ಸೋತು ಒಳಗೆ ನಡೆಯುತ್ತಿದ್ದೇನೆ" ಅಂತ ತಿಳಿಯಬೇಡಿ, ಅದೇ ಮಳೆಗಾಲದ ವಾಕಿಂಗ್. ಓದುವ ಮಕ್ಕಳಿಗೆ ಕರೆಂಟ್ ಇದ್ದಾಗಿನ ಪಾಠ ಬೇರೆ, ಇಲ್ಲದಾಗ ಎಮರ್ಜೆನ್ಸಿ ಲೈಟಿನಲ್ಲಿ ಮಾಡುವ ಬರವಣಿಗೆ ಬೇರೆ ಅಂತ ಮೊದಲೇ ಎತ್ತಿಡಿ. ಕುಯ್ಲಿನ ತಿಂಗಳಲ್ಲಿ ಎಲ್ಲವೂ ಕಾಲು ಭಾಗಕ್ಕೆ ಇಳಿಯಲಿ, ಪೂರ್ತಿ ನಿಲ್ಲುವುದು ಬೇಡ.

ಹೊಸದಾಗಿ ಶುರು ಮಾಡಲು ನಮ್ಮದೇ ದಿನಗಳಿವೆ. ಜೋರು ಮಳೆಯ ಕಕ್ಕಡ ತಿಂಗಳು ಕಳೆದು ನಾಟಿ ಮುಗಿದ ಮೇಲೆ ಬರುವ, ಆಯುಧ ಪೂಜಿಸುವ ಹಬ್ಬ ಕೈಲ್ ಪೋಳ್ದ್, ಅಕ್ಟೋಬರ್‌ನ ಕಾವೇರಿ ಸಂಕ್ರಮಣ, ಆಮೇಲೆ ಸುಗ್ಗಿ ಹಬ್ಬ ಹುತ್ತರಿ. ವಾರದ, ತಿಂಗಳ, ವರ್ಷದ ಮೊದಲ ದಿನದಂಥ ಗುರುತಿನ ದಿನಗಳ ಹೊತ್ತಿಗೆ ಜನ ಹೊಸ ಗುರಿಗಳ ಕಡೆ ಹೆಚ್ಚು ತಿರುಗುತ್ತಾರೆ ಅಂತ 2014ರಲ್ಲಿ ಹೆಂಗ್‌ಚೆನ್ ಡಾಯ್, ಕ್ಯಾಥರೀನ್ ಮಿಲ್ಕ್‌ಮನ್, ಜೇಸನ್ ರೀಸ್ ತೋರಿಸಿದ್ದಾರೆ. ನನ್ನ ಪ್ರಕಾರ ಕೊಡಗಿನವರಿಗೆ ಕೈಲ್ ಪೋಳ್ದ್ ಎಲ್ಲಕ್ಕಿಂತ ಒಳ್ಳೆಯ ದಿನ. ಗದ್ದೆ ಕೆಲಸ ಮುಗಿದಿರುತ್ತದೆ, ಮಳೆ ಇಳಿಮುಖ, ಕುಯ್ಲಿಗೆ ಇನ್ನೂ ಎರಡು ತಿಂಗಳಿರುತ್ತದೆ.

ಆ ಎರಡು ತಿಂಗಳು ಸಾಕಾ ಅಂದರೆ, ಕೆಲವರಿಗೆ ಸಾಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿದರು. ಯೋಚಿಸದೆ ತಾನಾಗೇ ಮಾಡುವ ಮಟ್ಟಕ್ಕೆ ಬರಲು ನಡುಮಟ್ಟದಲ್ಲಿ 66 ದಿನ ಹಿಡಿಯಿತು. ಆದರೆ ಅವರ ಲೆಕ್ಕದ ಪ್ರಕಾರ ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೆ ವ್ಯತ್ಯಾಸ ಇತ್ತು. ಒಂದು ಲೋಟ ನೀರು ಕುಡಿಯುವುದು ಬೇಗ ರೂಢಿಯಾಗುತ್ತದೆ, ವ್ಯಾಯಾಮ ನಿಧಾನ. 21 ದಿನಕ್ಕೆ ಎಲ್ಲ ಸರಿಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಏಳನೇ ಹೆಜ್ಜೆ: ತಪ್ಪಿಹೋದ ದಿನ

ತಪ್ಪುತ್ತದೆ. ಮದುವೆ ಬರುತ್ತದೆ, ಸಾವು ಬರುತ್ತದೆ, ಆನೆ ತೋಟಕ್ಕೆ ನುಗ್ಗಿ ಬೇಲಿ ಮುರಿಯುತ್ತದೆ. ಲ್ಯಾಲಿ ಅವರ ಅಧ್ಯಯನದಲ್ಲೇ ಒಂದು ದಿನ ತಪ್ಪಿದರೆ ಅಭ್ಯಾಸ ಬೆಳೆಯುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟು ಬೀಳಲಿಲ್ಲ. ಪೆಟ್ಟು ಬೀಳುವುದು ಆ ದಿನದ ಬಗ್ಗೆ ನಾವು ಹೇಳಿಕೊಳ್ಳುವ ಮಾತಿನಿಂದ. ಪಥ್ಯದಲ್ಲಿರುವವರ ಮೇಲೆ ಪೀಟರ್ ಹರ್ಮನ್, ಜಾನೆಟ್ ಪೊಲಿವಿ ಮತ್ತಿತರರು 1970ರ ದಶಕದಿಂದ ಮಾಡಿದ ಕೆಲಸದಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಪಥ್ಯ ಮುರಿದೆ ಅಂತ ಅನ್ನಿಸಿದ ಕೂಡಲೇ ಅವರು ಮಾಮೂಲಿಗಿಂತ ಜಾಸ್ತಿ ತಿಂದರು. "ಹೇಗೂ ಹಾಳಾಯ್ತಲ್ಲ, ಇವತ್ತು ಬಿಡು" ಅನ್ನುವುದು ಇದೇ.

ಹಾಗಾಗಿ ತಪ್ಪಿದ ದಿನಕ್ಕೂ ಮೊದಲೇ ಒಂದು ಸಾಲು ಬರೆದಿಡಿ. "ಒಂದು ದಿನ ತಪ್ಪಿದರೆ, ಮರುದಿನ ಎಲ್ಲಕ್ಕಿಂತ ಸಣ್ಣ ತುಂಡನ್ನು ಮಾತ್ರ ಮಾಡುತ್ತೇನೆ." ಎರಡು ದಿನದ್ದು ಸೇರಿಸಿ ಮಾಡಲು ಹೋಗಬೇಡಿ, ಅದು ದಂಡ ಕಟ್ಟಿದ ಹಾಗೆ ಆಗುತ್ತದೆ, ಮನಸ್ಸು ಮತ್ತೆ ತಪ್ಪಿಸಿಕೊಳ್ಳಲು ನೋಡುತ್ತದೆ. "ಹುಟ್ಟುಗುಣ ಸುಟ್ಟರೂ ಹೋಗದು" ಅನ್ನುವ ಗಾದೆಯನ್ನು ಈ ದಿನ ನಿಮ್ಮ ಮೇಲೆ ಪ್ರಯೋಗಿಸಬೇಡಿ. ಗಾದೆ ಏನೇ ಹೇಳಲಿ, ಹಿಂದಿನ ವಾರ ನೀವು ಮಾಡಿದ ದಿನಗಳು ಇದ್ದೇ ಇವೆ.

ಕುಡಿತದ ಬಗ್ಗೆ ಎರಡು ಮಾತು

ಇದನ್ನು ಬೇರೆಯಾಗಿಯೇ ಹೇಳಬೇಕು. ನಮ್ಮಲ್ಲಿ ಮದುವೆ, ಹಬ್ಬ, ನೆಂಟರು ಬಂದದ್ದು, ಎಲ್ಲದಕ್ಕೂ ಗ್ಲಾಸ್ ಇರುತ್ತದೆ. ಕೊರಗು ಮರೆಯಲು ಕುಡಿದು, ಕುಡಿದದ್ದಕ್ಕೆ ಬೆಳಗ್ಗೆ ಕೊರಗಿ, ಆ ಕೊರಗಿಗೆ ಸಂಜೆ ಮತ್ತೆ ಕುಡಿಯುವವರನ್ನು ನಾವೆಲ್ಲ ನೋಡಿದ್ದೇವೆ. ಅಂಥವರಿಗೆ ಬೈಗುಳ ಇನ್ನೊಂದು ಪೆಗ್ಗಿಗೆ ಕಾರಣ ಆಗುತ್ತದೆ, ಅಷ್ಟೇ. ದಿನಾ ಜಾಸ್ತಿ ಕುಡಿಯುತ್ತಿದ್ದವರು ದೇವರ ಮೇಲೆ ಆಣೆ ಇಟ್ಟು ಒಂದೇ ದಿನ ಪೂರ್ತಿ ಬಿಡುವುದು ಅಪಾಯ. ಕೈ ನಡುಗುವುದು, ಫಿಟ್ಸ್, ಭ್ರಮೆ ಬರಬಹುದು, ಜೀವಕ್ಕೂ ತೊಂದರೆ ಆಗಬಹುದು. ಡಾಕ್ಟರಿಗೆ ತೋರಿಸಿ, ಅವರು ಕೊಡುವ ಔಷಧದ ಜೊತೆ ಬಿಡಬೇಕು.

ಇದು ಬರೀ ಕೊರಗಲ್ಲ ಅನ್ನಿಸಿದರೆ

ಎರಡು ವಾರಕ್ಕಿಂತ ಜಾಸ್ತಿ ದಿನ, ಹೆಚ್ಚುಕಡಿಮೆ ದಿನವಿಡೀ ಮನಸ್ಸು ಕುಗ್ಗಿದೆ, ಇಷ್ಟವಾದದ್ದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಊಟ ಕೆಟ್ಟಿದೆ, ನಾನು ಇದ್ದು ಏನು ಪ್ರಯೋಜನ ಅನ್ನಿಸುತ್ತಿದೆ ಅಂದರೆ ಮೇಲಿನ ಹೆಜ್ಜೆಗಳನ್ನು ಪಕ್ಕಕ್ಕಿಡಿ. ಅದು ಖಿನ್ನತೆ ಇರಬಹುದು. ಕಾರಣವಿಲ್ಲದ ಕೊರಗು ಅದರ ಲಕ್ಷಣಗಳಲ್ಲಿ ಒಂದು. ಅದಕ್ಕೆ ಚಿಕಿತ್ಸೆ ಇದೆ, ಛಲ ಸಾಲದು. ಟೆಲಿ ಮಾನಸ್ ಅಂತ ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ನೇರವಾಗಿ ಹೋಗುವುದಾದರೆ ಮಡಿಕೇರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಪರಿಚಯದವರು ನೋಡಿದರೆ ಅನ್ನುವ ಸಂಕೋಚ ಇದ್ದರೆ ಮೊದಲ ಮಾತು ಫೋನಿನಲ್ಲೇ ಆಗಲಿ.

ಮನೆಯಲ್ಲಿ ಬೇರೆ ಯಾರೋ ಹೀಗೆ ಕೊರಗುತ್ತಾ ಕೂತಿದ್ದರೆ "ಇನ್ನೂ ಮಾಡಿಲ್ವಾ?" ಅಂತ ಕೇಳಬೇಡಿ. ಆ ಪ್ರಶ್ನೆಯನ್ನು ಅವರು ತಮಗೆ ತಾವೇ ದಿನಾ ಎಷ್ಟೋ ಸಲ ಕೇಳಿಕೊಂಡಿರುತ್ತಾರೆ. ಪಕ್ಕದಲ್ಲಿ ಒಂದು ಕುರ್ಚಿ ಎಳೆದುಕೊಂಡು, "ನೀವು ಚೀಟಿ ಓದಿ, ನಾನು ಬರೆಯುತ್ತೇನೆ" ಅನ್ನಿ.